ಗಾಜಿನ ಮೇಲಿನ ಕುಂಕುಮ

ಭಾವ,

ಹೊಳೆ ನೀರಿನ ಬಗ್ಗೆ ಪತ್ರಿಕೆಯ ಸಂಪಾದಕರಿಗೆ ಬರೆದೂ ಬರೆದೂ ಸಾಕಾಗಿ ಈಗ ನಿಮಗೆ ಬರೆಯುತ್ತಿದ್ದೇನೆ. ಅವರು ಉತ್ತರ ಕೊಡುವುದಿಲ್ಲ, ನೀವೂ ಕೊಡುವುದಿಲ್ಲ. ನೀವಾದರೆ ಪೂರ್ತಿ ಓದುತ್ತೀರಿ ಎಂಬ ನಂಬಿಕೆಯಾದರೂ ಇದೆ. ನಿನ್ನೆ ಆಯುಧಪೂಜೆ. ನಮ್ಮ ನರಸೀಪುರದ ಬಸ್ಸು, ಸೈಕಲ್ಲು, ಹಿಟ್ಟಿನ ಗಿರಣಿ ಎಲ್ಲಕ್ಕೂ ಕುಂಕುಮ. ಅಕ್ಕನ ವಿಷಯವಾಗಿ ನಿಮಗೆ ಒಂದು ಸುದ್ದಿ ಹೇಳುವುದಿದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನನ್ನ ಸಿಟ್ಟು ತೀರಲಿ. ಅದರಲ್ಲಿ ನಿಮ್ಮ ಪಾಲೂ ಇದೆ.

ನಂಜನಗೂಡಿನ ಆ ರಟ್ಟಿನ ಕಾರ್ಖಾನೆಗೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನೆನಪಿದೆಯೇ? ಭತ್ತದ ಹುಲ್ಲನ್ನು ಸುಣ್ಣದಲ್ಲಿ ಬೇಯಿಸಿ, ಅರೆದು, ರಟ್ಟು ಮಾಡಿ, ಉಳಿದ ನೀರನ್ನು ಕಪಿಲೆಗೆ ಬಿಡುತ್ತಿದ್ದರು. ಆ ನೀರಿನಲ್ಲಿ ಎಷ್ಟು ನಾರು, ಎಷ್ಟು ಸುಣ್ಣ ತೇಲಿಕೊಂಡು ಹೋಗುತ್ತಿದೆ ಎಂದು ಅಳೆಯುವುದು ಕೆಮಿಸ್ಟರಾದ ನಿಮ್ಮ ಕೆಲಸ. ಬಿದಿರು ಕೋಲಿನ ತುದಿಗೆ ಬಾಟಲಿ ಕಟ್ಟಿ, ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು ಕಾಲುವೆಯಲ್ಲಿ ಇಳಿಬಿಟ್ಟಿರಿ. "ಹರಿಯೋ ನೀರು ಒಂದೇ ಸಮ ಇರಲ್ಲ ಕಣೋ. ಮೇಲೆ ತಿಳಿ, ಕೆಳಗೆ ಗಟ್ಟಿ. ಮೇಲಿಂದ ಒಂದು ಚೊಂಬು ಎತ್ಕೊಂಡ್ರೆ ಸುಳ್ಳು ಎತ್ಕೊಂಡಂಗೆ," ಅಂದಿರಿ. ಆ ನೀರನ್ನು ಸೋಸಿ, ಸೋಸುಕಾಗದವನ್ನು ಒಣಗಿಸಿ, ತೂಗಿದಿರಿ. ಕಾಗದದ ಮೇಲೆ ಹಪ್ಪಳದಂಥ ಒಂದು ಬೂದು ಚಕ್ಕೆ ಉಳಿದಿತ್ತು. "ಇತಿಹಾಸದ ಮೇಷ್ಟ್ರಿಗೆ ಇವತ್ತು ಕೊಚ್ಚೆ ಪಾಠ," ಎಂದು ನಕ್ಕಿರಿ. ನಾನು ನಗಲಿಲ್ಲ. ನಿಮ್ಮ ಕಾಲುವೆಯ ಕೊನೆಯಲ್ಲಿ ನಮ್ಮೂರಿದೆ. "ನೀವು ತೂಗಿ ಕಳಿಸ್ತೀರಿ ಭಾವ, ನಾವು ಕುಡೀತೀವಿ," ಅಂದೆ. ನೀವು ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದಿರಿ.

ಸುತ್ತೂರು ದಾಟಿದ ಮೇಲೆ ಹೊಳೆದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಸಿದ್ದಯ್ಯನ ಹತ್ತಿರ ನಿಮ್ಮನ್ನು ಕರೆದುಕೊಂಡು ಹೋದ ಭಾನುವಾರ ನನ್ನ ಕಣ್ಣ ಮುಂದಿದೆ. ಬೇಸಿಗೆ, ಹೊಳೆ ಸಣಕಲಾಗಿತ್ತು. ಅವನು ಒಣಹಾಕಿದ್ದ ಬಲೆಯನ್ನು ಎತ್ತಿ ತೋರಿಸಿದ. ಬಲೆ ಜೋತು ಬೀಳಲಿಲ್ಲ, ಹಲಗೆಯ ಹಾಗೆ ನೆಟ್ಟಗೆ ನಿಂತಿತು.

"ನೋಡಿ ಮೇಷ್ಟ್ರೇ, ಒಣಗಾಕುದ್ರೆ ರಟ್ಟಾಯ್ತದೆ. ಮೀನು ಸಿಕ್ಕದಿದ್ರೆ ಬಲೇನೇ ಮಾರ್ಕೊಬೋದು, ನಿಮ್ ಇಸ್ಕೂಲ್ ಪುಸ್ತಕಕ್ಕೆ ಬೈಂಡ್ ಆಕ್ಸೋಕೆ."

ನೀವು ಬಲೆಯ ಕಣ್ಣಿನಿಂದ ಒಂದು ಚೂರು ಮುರಿದು ಮೂಸಿದಿರಿ. "ಇದು ನಮ್ದೇ," ಅಂದಿರಿ.

"ನಿಮ್ದಾದ್ರೆ ತಗೊಂಡೋಗಿ ಸಾ. ನಾವೇನ್ ಬ್ಯಾಡ ಅಂದವಾ?"

ಆ ವಾರದಿಂದಲೇ ತೂಗಿದ ಒಂದೊಂದು ಕಾಗದವನ್ನೂ ಎಸೆಯದೆ ಡಬ್ಬದಲ್ಲಿ ಕೂಡಿಡಲು ಶುರುಮಾಡಿದಿರಿ. ಸರ್ಕಾರದಿಂದ ಯಾರಾದರೂ ಬರುತ್ತಾರೆ, ಬಂದ ದಿನ ಇವನ್ನು ಮೇಜಿನ ಮೇಲೆ ಹರಡಿದರೆ ಸಾಕು, ಮಿಕ್ಕದ್ದನ್ನು ಕಾಗದಗಳೇ ಹೇಳುತ್ತವೆ ಎಂದು ನಂಬಿದ್ದಿರಿ. ನಂಬುವುದೇ ನಿಮ್ಮ ಕಾಯಿಲೆ.

ಹೊಸ ಮೀಟರು ಬಂದ ದಿನ ಮ್ಯಾನೇಜರ್ ಹೇಳಿದ ಮಾತನ್ನು ನೀವೇ ಅವರ ಧ್ವನಿಯಲ್ಲಿ ಅನುಕರಿಸಿ ತೋರಿಸಿದ್ದಿರಿ: "ನಿಮ್ಮ ಸೋಸುಕಾಗದ, ತಕ್ಕಡಿ ಎಲ್ಲಾ ಮ್ಯೂಸಿಯಂಗೆ ಕಳ್ಸಿ ಕಣ್ರೀ. ಇನ್ಮೇಲೆ ಮುಳ್ಳು ಹೇಳುತ್ತೆ." ಮರದ ಪೆಟ್ಟಿಗೆ, ಒಳಗೊಂದು ಗಾಜಿನ ಕೊಳವೆ. ಕೊಳವೆಯಲ್ಲಿ ಕಾರ್ಖಾನೆಯ ನೀರು ಹರಿಯುತ್ತಿರುತ್ತದೆ. ಒಂದು ಪಕ್ಕ ದೀಪ, ಇನ್ನೊಂದು ಪಕ್ಕ ಬೆಳಕನ್ನು ಹಿಡಿಯುವ ಕಣ್ಣು. ನೀರಿನಲ್ಲಿ ಗಟ್ಟಿ ಹೆಚ್ಚಿದ್ದರೆ ಬೆಳಕು ದಾಟುವುದಿಲ್ಲ, ಮುಳ್ಳು ಏರುತ್ತದೆ. ನಿಜ ಹೇಳಿ, ನಿಮಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು. "ನಿಲ್ಸೋ ಹಾಗಿಲ್ಲ, ಬಸಿಯೋ ಹಾಗಿಲ್ಲ, ಹರೀತಿರೋವಾಗ್ಲೇ ಅಳೆಯುತ್ತೆ ಕಣೋ," ಎಂದಾಗ ನಿಮ್ಮ ಮುಖ ನೋಡಬೇಕಿತ್ತು. ಆದರೆ ಮ್ಯಾನೇಜರ್ ಅದನ್ನು ಹರಿಯುವ ಕಾಲುವೆಗೆ ಹಾಕಿಸಿದರೇ? ಇಲ್ಲ. ಹಿತ್ತಿಲಿನ ದೊಡ್ಡ ತೊಟ್ಟಿಯಲ್ಲಿ ನೀರನ್ನು ನಿಲ್ಲಿಸಿ, ಗಟ್ಟಿಯೆಲ್ಲ ತಳಕ್ಕಿಳಿದ ಮೇಲೆ, ಮೇಲಿನ ತಿಳಿಯನ್ನು ಮಾತ್ರ ಮೀಟರಿಗೆ ಬಿಟ್ಟರು. ತಳದ ಗಟ್ಟಿ ಬೇರೊಂದು ಕೊಳವೆಯಲ್ಲಿ ನೆಟ್ಟಗೆ ಹೊಳೆಗೆ. ಆ ಕೊಳವೆಗೆ ದೀಪವೂ ಇಲ್ಲ, ಕಣ್ಣೂ ಇಲ್ಲ. ನೀವು ಹೋಗಿ ಹೇಳಿದಿರಿ. "ಹರಿಯೋ ಕಡೆ ಹಾಕಿದ್ರೆ ಗಾಜು ಹಾಳಾಗುತ್ತೆ ಕಣ್ರೀ," ಅಂದರು. ಅಷ್ಟೇ.

ಆ ವರ್ಷದ ಆಯುಧಪೂಜೆಗೆ ಮನೆಯವರನ್ನೂ ಕಾರ್ಖಾನೆಗೆ ಕರೆದಿದ್ದರು. ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದಿದ್ದರು. ನಮ್ಮಪ್ಪ ದೇವಸ್ಥಾನದ ಪರಿಚಾರಕರಲ್ಲವೇ, ಅಕ್ಕ ಹೊಲಿಗೆ ಯಂತ್ರದಿಂದ ಒನಕೆಯವರೆಗೆ ಕುಂಕುಮವಿಡದೆ ಯಾವುದನ್ನೂ ಬಿಟ್ಟವಳಲ್ಲ. ನೀವು ಮೀಟರಿನ ಪೆಟ್ಟಿಗೆ ತೆರೆದು ಹೆಮ್ಮೆಯಿಂದ ತೋರಿಸಿದಿರಿ.

"ಇದಕ್ಕೆ ಕಣ್ಣಿದೆ ಗೌರಿ."

"ಕಣ್ಣು ಕೊಟ್ಟೋರು ಹಣೆ ಕೊಡೋದು ಮರ್ತ್ರಾ? ಎಲ್ಲಿಡ್ಲಿ?"

"ಎಲ್ಲಾದ್ರೂ ಇಡು."

ಎಲ್ಲಾದರೂ ಇಡು ಎಂದು ನೀವೇ ಹೇಳಿದಿರಿ. ಅಷ್ಟರಲ್ಲಿ ಯಾರೋ ಪ್ರಸಾದಕ್ಕೆ ಕೂಗಿದರು, ನೀವು ಆ ಕಡೆ ತಿರುಗಿದಿರಿ. ಅಕ್ಕ ಗಾಜಿನ ಕೊಳವೆಯ ನಟ್ಟನಡುವೆ, ದೀಪದ ಎದುರಿಗೇ, ಗಂಧ ಬಳಿದು ಕಾಸಿನಗಲ ಕುಂಕುಮ ಇಟ್ಟು ಪೆಟ್ಟಿಗೆ ಮುಚ್ಚಿ ಕೈಮುಗಿದಳು.

ಹಬ್ಬದ ರಜೆ ಮುಗಿದು ಯಂತ್ರಗಳು ಮತ್ತೆ ಓಡಿದ ಬೆಳಿಗ್ಗೆಯೇ, ನೀವು ಕಾಯುತ್ತಿದ್ದ ಅಧಿಕಾರಿ ಬಂದರು. ಹೊಳೆ ನೀರಿನ ಬಗ್ಗೆ ದೂರು ಬರೆದವನೆಂದು ನನ್ನನ್ನೂ ಕರೆಸಿದ್ದರು, ಆದ್ದರಿಂದ ಇದು ನಾನು ಕಂಡದ್ದೇ. ಮುಳ್ಳು ಮೇಲಕ್ಕೇರಿ ನಿಂತಿತ್ತು. ಅಧಿಕಾರಿ ಹುಬ್ಬು ಗಂಟಿಕ್ಕಿದರು. ಮ್ಯಾನೇಜರ್ ಮುಖ ಬಿಳಿಚಿತು. ಕೊನೆಗೂ ಸತ್ಯ ಹೊರಬಿತ್ತು ಅಂದುಕೊಂಡೆ ನಾನು, ಮುಠ್ಠಾಳ. ಮ್ಯಾನೇಜರ್ ಪೆಟ್ಟಿಗೆ ತೆರೆದರು, ಬಗ್ಗಿ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೇಬಿನಿಂದ ಕರವಸ್ತ್ರ ತೆಗೆದು ಗಾಜು ಒರೆಸಿದರು. ಮುಳ್ಳು ಸರ್ರನೆ ಕೆಳಕ್ಕಿಳಿಯಿತು.

"ಯಾರ್ರೀ ಇದು, ಮೀಟರಿಗೆ ಮುತ್ತೈದೆತನ ಕೊಟ್ಟಿರೋದು?"

"ನಾನೇ," ಅಂದಿರಿ ನೀವು.

ಅಲ್ಲಿಗಾದರೂ ಸುಮ್ಮನಿರಬಾರದಿತ್ತೇ? ಡಬ್ಬ ತೆರೆದು, ಅಷ್ಟು ತಿಂಗಳು ಕೂಡಿಟ್ಟ ಕಾಗದಗಳನ್ನು ಮೇಜಿನ ಮೇಲೆ ಹರಡಿದಿರಿ. ಅಧಿಕಾರಿ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, "ಇವಕ್ಕೂ ಪೂಜೆ ಆಗಿದೆಯೇನ್ರೀ?" ಎಂದರು. ಎಲ್ಲರೂ ನಕ್ಕರು. ನೀರು ಹಿಡಿದುಕೊಂಡು ನಿಂತಿದ್ದ ಜವಾನನೂ ನಕ್ಕ. ಆ ಚಕ್ಕೆಗಳನ್ನು ಮತ್ತೆ ಯಾರೂ ತೂಗಿ ನೋಡಲಿಲ್ಲ.

ಅಂದು ಸಂಜೆ ಬಸ್ ನಿಲ್ದಾಣದವರೆಗೆ ನಿಮ್ಮ ಜೊತೆ ನಡೆಯುತ್ತ ಬೈದೆ. ಅಕ್ಕ ಇಟ್ಟದ್ದು ಎಂದು ಹೇಳಿದ್ದರೆ ಏನಾಗುತ್ತಿತ್ತು? ಹಬ್ಬಕ್ಕೆ ಬಂದ ಹೆಂಗಸು ತಿಳಿಯದೆ ಇಟ್ಟಳು ಅಂದಿದ್ದರೆ ಕೆಮಿಸ್ಟನ ಮಾತಿಗೆ ಬೆಲೆ ಉಳಿಯುತ್ತಿತ್ತು. ನೀವು ಹೇಳಿದ್ದು ಒಂದೇ ಮಾತು: "ಆ ಬಾಯಲ್ಲಿ ಅವಳ ಹೆಸರು ಬರಬಾರದು ಕಣೋ. ಅವಳಿಗೂ ಗೊತ್ತಾಗಬಾರದು." ದೊಡ್ಡ ಮನಸ್ಸು ನಿಮ್ಮದು. ಅದರ ಬೆಲೆಯನ್ನು ಸಿದ್ದಯ್ಯ ತೆತ್ತ, ನಮ್ಮೂರು ತೆತ್ತಿತು, ಆಮೇಲೆ ಅಕ್ಕನೂ... ಇರಲಿ. ನಿಮ್ಮನ್ನು ಪ್ರಯೋಗಾಲಯದಿಂದ ತೆಗೆದು ಹುಲ್ಲಿನ ಗಾಡಿ ತೂಗುವ ಗೇಟಿಗೆ ಹಾಕಿದರು. ಗಾಡಿ ಹೊಡೆಯುವವರು ಕೂಡ "ಕುಂಕುಮದ ಸಾಯೇಬ್ರೇ, ವಸಿ ನೋಡಿ ತೂಗಿ" ಅನ್ನತೊಡಗಿದರು. ಅದೇ ಗೇಟಿನ ಬಳಿ, ಹುಲ್ಲಿನ ಧೂಳಿನಲ್ಲಿ, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ನಿಮ್ಮ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಹಿಂದೆ ನಿಂತಿದ್ದ ಕಾರ್ಖಾನೆಯವನೊಬ್ಬ ಪಕ್ಕದವನ ಕಿವಿಯಲ್ಲಿ, "ಕನ್ನಡಕ ತೆಗ್ದು ಅಚ್ರೋ, ರೀಡಿಂಗ್ ಏರ್ಬುಟ್ಟಾತು," ಅಂದ. ಪಕ್ಕದವನು ಕೆಮ್ಮಿದಂತೆ ಮಾಡಿ ನಗು ನುಂಗಿದ. ಇಂಥವರ ಅನ್ನ ಉಳಿಯಲಿ ಎಂದು ನೀವು ಕಾರ್ಖಾನೆ ಮುಚ್ಚಿಸುವ ಮಾತನ್ನೇ ಆಡುತ್ತಿರಲಿಲ್ಲ, ಸರಿಯಾಗಿ ಅಳೆಯಿರಿ ಎಂದಷ್ಟೇ ಕೇಳುತ್ತಿದ್ದಿರಿ. ಅಕ್ಕನ ಕಿವಿ ಚುರುಕು. ಎಲ್ಲ ಮುಗಿದ ಮೇಲೆ, ಹಣೆ ಒರೆಸಿದ್ದ ಮುಖ ಹೊತ್ತು ಬಂದು, "ಅವನು ಏನಂದ? ಯಾವ ರೀಡಿಂಗು?" ಎಂದು ಕೇಳಿದಳು. ನಾನು ಹೇಳಿದೆ, ಎಲ್ಲವನ್ನೂ. ಆ ದಿನವೇ ಹೇಳಬೇಕಿತ್ತೇ ಎಂದು ಊರು ನನ್ನನ್ನು ಬೈಯಿತು. ನೀವು ನುಂಗಿದ್ದನ್ನು ಅವಳು ಆ ನಗುವಿನ ಮೂಲಕವೇ ತಿಳಿಯಬೇಕಿತ್ತೇ? ಅವಳು ಅಳಲಿಲ್ಲ. ಬೆರಳನ್ನು, ಅಂದು ಕುಂಕುಮ ಇಟ್ಟ ಉಂಗುರದ ಬೆರಳನ್ನು, ಬಹಳ ಹೊತ್ತು ನೋಡುತ್ತ ಕೂತಳು.

ಹೋದ ಬೇಸಿಗೆಯಲ್ಲಿ ನಮ್ಮ ಸಂಗಮದಲ್ಲಿ ಮೀನು ಸತ್ತು ತೇಲಿದವು. ಮೆಟ್ಟಿಲಿನ ಮೇಲೆ ನಿಲ್ಲಲಾರದ ನಾತ. ವಿಚಾರಣೆಗೆಂದು, ಕಿಟಕಿಯಿಂದ ಹೊಳೆ ಕಾಣುವ ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಸಭೆ ಕರೆದರು. ಹೊಸ ಅಧಿಕಾರಿ, ಹಳೆಯ ಮ್ಯಾನೇಜರ್. ಇಷ್ಟು ವರ್ಷ ಕಾರ್ಖಾನೆಯ ಮೀಟರು ನೀರು ತಿಳಿಯಾಗಿದೆ ಎಂದು ತೋರಿಸಿದ್ದು ಹೇಗೆ ಎಂದು ಅಧಿಕಾರಿ ಕೇಳಿದರು. ಮ್ಯಾನೇಜರ್ ಏನು ಹೇಳಿದರೆಂದು ನಿಮಗೆ ಊಹಿಸಲಾದೀತೇ? "ಹಿಂದೆ ನಮ್ಮಲ್ಲೊಬ್ಬ ಕೆಮಿಸ್ಟ್ ಇದ್ದ ಸಾರ್. ಅದಕ್ಕೆ ಗಂಧ ಕುಂಕುಮ ಬಳಿದು ಕೆಡಿಸಿಬಿಟ್ಟ. ಅವತ್ತಿಂದ ಅದು ಸರಿಯಾಗೇ ಇಲ್ಲ." ಅಂದು ನಿಮ್ಮ ಕಾಗದಗಳನ್ನು ಸುಳ್ಳು ಮಾಡಿದ್ದು ಆ ಕುಂಕುಮ. ಇಂದು ಅವರ ಸುಳ್ಳನ್ನು ಕಾಯುವುದಕ್ಕೂ ಅದೇ ಕುಂಕುಮ. ಸತ್ತವನನ್ನು ಎರಡನೇ ಸಲ ಕೆಲಸಕ್ಕೆ ಹಚ್ಚಿದ್ದರು, ಸಂಬಳವಿಲ್ಲದೆ.

ನಾನು ಏಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಕ್ಕ ಎದ್ದಿದ್ದಳು. ಸೆರಗಿನ ಗಂಟಿನಿಂದ ತನ್ನ ಹಳೆಯ ಕುಂಕುಮದ ಭರಣಿ ತೆಗೆದು, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮ್ಯಾನೇಜರ್ ಕನ್ನಡಕ ಎತ್ತಿಕೊಂಡು, ಎರಡೂ ಗಾಜಿಗೆ ಒಂದೊಂದು ಬೊಟ್ಟು ಒತ್ತಿ ಅವರ ಮುಂದೆ ಹಿಡಿದಳು.

"ಇಟ್ಟೋಳು ನಾನು. ಅವರಲ್ಲ. ಹಾಕ್ಕೊಂಡು ಕಿಟಕಿ ಕಡೆ ನೋಡಿ. ಹೊಳೆ ಕೆಂಪಗಾಯ್ತಾ?"

ಮ್ಯಾನೇಜರ್ ಕನ್ನಡಕ ಕಿತ್ತುಕೊಂಡು ಕರವಸ್ತ್ರಕ್ಕೆ ಕೈಹಾಕಿದರು.

"ಈಗ ಒರೆಸ್ಕೊಳ್ಳಿ. ಹೊಳೆ ತಿಳಿಯಾಯ್ತಾ?"

ನೀವು ವರ್ಷಗಟ್ಟಲೆ ಸೋಸಿ, ಒಣಗಿಸಿ, ತೂಗಿ ಹೇಳಲಾರದೆ ಹೋದದ್ದನ್ನು ಅವಳು ಎರಡು ಪ್ರಶ್ನೆಯಲ್ಲಿ ಕೇಳಿದ್ದಳು. ಸಭೆ ಏನು ಮಾಡಿತು ಭಾವ? ನಮ್ಮೂರಿನವರೇ, ಆ ನೀರು ಕುಡಿಯುವವರೇ, "ಶಿವ ಶಿವ, ಗಂಡ ಸತ್ತೋಳು ಕುಂಕುಮ ಮುಟ್ಟವ್ಳೆ," ಎಂದು ಗುಜುಗುಜು ಎಬ್ಬಿಸಿದರು. ಇಬ್ಬರು ಎದ್ದೇ ಹೋದರು. ಹೊಳೆ ಹೊಲಸಾದದ್ದಕ್ಕೆ ಮೂಗು ಮುಚ್ಚಿಕೊಂಡು ಬಂದಿದ್ದವರಿಗೆ ಅಕ್ಕನ ಬೆರಳು ಮೈಲಿಗೆಯಾಗಿ ಕಂಡಿತು. ಗಲಾಟೆಯಾಯಿತೆಂದು ಅಧಿಕಾರಿ ಸಭೆ ಮುಂದೂಡಿದರು. ಮತ್ತೆ ಕರೆಯಲಿಲ್ಲ.

ಮೊನ್ನೆ ಕಾರ್ಖಾನೆಯಲ್ಲಿ ಹೊಸ ಮೀಟರು ಕೂರಿಸಿದ್ದಾರೆ. ನಾನು ಬೇಲಿಯಾಚೆಯಿಂದ ಕೇಳಿ ತಿಳಿದುಕೊಂಡೆ. ಗಾಜಿಗೆ ಪುಟ್ಟ ರಬ್ಬರಿನ ಒರಸುಪಟ್ಟಿ ಇದೆಯಂತೆ, ಬಸ್ಸಿನ ಮುಂದಿನ ಗಾಜಿಗಿರುತ್ತದಲ್ಲ, ಹಾಗೆ. ತಾನೇ ಒರೆಸಿಕೊಳ್ಳುತ್ತದಂತೆ. ಕೂರಿಸಿರುವುದು ಅದೇ ತೊಟ್ಟಿಯ ಬಾಯಿಗೆ. ತಿಳಿನೀರನ್ನು ಈಗ ಶುಭ್ರವಾದ ಗಾಜಿನ ಮೂಲಕ ಅಳೆಯುತ್ತಿದ್ದಾರೆ ಭಾವ.

ಈಗ ಅಕ್ಕನ ಸುದ್ದಿ. ಆ ಸಭೆಯಿಂದ ಬಂದ ಸಂಜೆ ಕನ್ನಡಿಯ ಮುಂದೆ ನಿಂತು ಹಣೆಗೆ ಕುಂಕುಮ ಇಟ್ಟುಕೊಂಡಳು, ಕಾಸಿನಗಲ. ಅಂದಿನಿಂದ ದಿನವೂ ಇಡುತ್ತಾಳೆ. ಮದುವೆ ಮನೆಗಳಿಂದ ಕರೆ ನಿಂತಿದೆ. ಓರಗಿತ್ತಿ ಮಾತು ಬಿಟ್ಟಿದ್ದಾಳೆ. ನಿನ್ನೆ ಹಬ್ಬದ ದಿನ ಅದನ್ನು ಹೊತ್ತುಕೊಂಡೇ ನನ್ನ ಜೊತೆ ಬಸ್ಸು ಹತ್ತಿ ನಂಜನಗೂಡಿಗೆ ಬಂದಳು. ತಳದ ಕೊಳವೆ ಹೊಳೆಗೆ ಸೇರುವ ಕಡೆ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ನಿಮ್ಮ ಬಿದಿರು ಕೋಲು, ನಿಮ್ಮ ಬಾಟಲಿ. ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದಳು, ಹೇಳಿಕೊಡಬೇಕಾಗಲಿಲ್ಲ. ಹಬ್ಬವೆಂದು ಯಂತ್ರಗಳು ನಿಂತಿದ್ದವು, ಆದರೂ ತೊಟ್ಟಿಯ ತಳದ್ದು ಇಳಿಯುತ್ತಲೇ ಇತ್ತು, ಬಾಟಲಿಯಲ್ಲಿ ಗಂಜಿಯಂಥ ನೀರು ತುಂಬಿತು.

ನಿಮ್ಮ ಕಾಲದಿಂದಲೂ ಇರುವ ಗೇಟಿನವನು ಓಡಿ ಬಂದು ಅವಳ ಹಣೆ ನೋಡಿ ತಬ್ಬಿಬ್ಬಾದ. "ಏನಮ್ಮಾ, ಇದ್ಯಾಕೆ ಇಟ್ಕೊಂಡಿದೀರಿ?"

ಅಕ್ಕ ಬಾಟಲಿಗೆ ಬಿರಟೆ ಒತ್ತುತ್ತ ಅಂದಳು: "ನಿಮ್ಮ ಗಾಜಿನ ಮೇಲಿದ್ದಿದ್ದನ್ನ ಒರೆಸಿದ್ರಿ. ಇದನ್ನ ಒರೆಸೋಕೆ ಯಾರು ಬರ್ತಾರೋ ಬರ್ಲಿ, ನೋಡ್ತೀನಿ."