ಮರಿಗೆ ಹಾಕುವ ಮೊದಲ ತುತ್ತು

ಸವಳಂಗ
ಸೋಮವಾರ

ಮಾವನವರಿಗೆ ದುರ್ಗಾಂಬಿಕಾಳ ನಮಸ್ಕಾರಗಳು.

ನಿಮ್ಮೆದುರು ನಿಂತು ಹೇಳಲು ನಾಚಿಕೆಯಾಗಿ, ಒಂದೇ ಮನೆಯಲ್ಲಿದ್ದೂ ಬರೆಯುತ್ತಿದ್ದೇನೆ. ನಿಮ್ಮ ಮಗ ತೀರಿಕೊಳ್ಳುವ ಮುಂಚಿನ ವಾರ ತಂದ ನಾಯಿಮರಿ ಮೈಯೆಲ್ಲ ಕೆರೆದು ಹುಣ್ಣು ಮಾಡಿಕೊಂಡಿದೆ. ಡಾಕ್ಟರಿಗೆ ತೋರಿಸಿದೆ. "ಇದಕ್ಕೆ ಮುದ್ದೆ, ಅನ್ನ, ಯಾವ ಧಾನ್ಯನೂ ಆಗಿಬರಂಗಿಲ್ಲಮ್ಮ. ಹಸಿ ಮಾಂಸ ಹಾಕ್ರಿ, ಇಲ್ಲಾಂದ್ರೆ ಧಾನ್ಯ ಇಲ್ಲದ ಒಣ ಆಹಾರ ತರ್ರಿ" ಎಂದರು.

ವರ್ಷದ ತಿಥಿಯವರೆಗೆ ಮನೆಗೆ ಮಾಂಸ ಬರಬಾರದೆಂದು ನೀವು ಹೇಳಿದ್ದೀರಿ. ಅದಕ್ಕೇ ನ್ಯಾಮತಿಯಿಂದ ಒಣ ಆಹಾರದ ಚೀಲ ತಂದೆ. ಆದರೆ ಅದರಲ್ಲೂ ಕೋಳಿ ಮಾಂಸದ ಪುಡಿ ಇದೆಯಂತೆ. "ಬಿಸ್ಕತ್ತು ಅಂತ ಹೇಳಿ ಹಾಕಮ್ಮ, ಯಾರಿಗೆ ಗೊತ್ತಾಗ್ತೈತೆ?" ಎಂದು ಅಂಗಡಿಯವರು ನಕ್ಕರು. ನಿಮಗೆ ಸುಳ್ಳು ಹೇಳಲು ನನ್ನಿಂದಾಗದು. ಚೀಲ ಬಿಚ್ಚದೆ ಕೊಟ್ಟಿಗೆಯಲ್ಲಿಟ್ಟಿದ್ದೇನೆ.

ನೀವು ಬೇಡವೆಂದರೆ ಅದನ್ನು ವಾಪಸ್ ಕೊಟ್ಟು, ಮರಿಯನ್ನು ಬಸವಾಪಟ್ಟಣದ ನನ್ನ ತಮ್ಮನ ಮನೆಗೆ ಕಳಿಸುತ್ತೇನೆ. ಒಪ್ಪಿಗೆಯಿದ್ದರೆ ಬಾಯಿಬಿಟ್ಟು ಹೇಳುವುದು ಬೇಡ. ನೀವು ದಿನಾ ಉಣ್ಣುವ ಮುಂಚೆ ಮರಿಗೆ ಹಾಕುವ ಮುದ್ದೆಯ ಮೊದಲ ತುತ್ತನ್ನು ಇವತ್ತು ಹಾಕಬೇಡಿ. ಮರಿ ನಿಮ್ಮ ತಟ್ಟೆಯ ಹತ್ತಿರ ಬಂದು ಕೂರುತ್ತದೆ. ಅದರ ಮುಖ ನೋಡದೆ ಆ ತುತ್ತನ್ನು ನೀವೇ ಉಣ್ಣಿ. ನಾನು ಹೋಗಿ ಚೀಲ ಬಿಚ್ಚುತ್ತೇನೆ.

ಇಂತಿ,
ನಿಮ್ಮ ಸೊಸೆ
ದುರ್ಗಾಂಬಿಕಾ