ಕಿವಿ ಮಶೀನು ಕಳೆದ ದಿನ

ಗುರುವಾರ, ಆಗಸ್ಟ್ ೮



ಮಗಳ ಕಿವಿ ಮಶೀನು ಕಳೆದಿದೆ ಅಂತ ಟೀಚರ್ ಫೋನ್ ಮಾಡಿದಾಗ ಔಷಧಿ ಅಂಗಡಿಯ ಕೌಂಟರಿನಲ್ಲಿದ್ದೆ. ಹೊಸದು, ತಿಂಗಳೂ ಆಗಿಲ್ಲ. ಸ್ಕೂಲಿಗೆ ಓಡಿದೆ. ಮೈದಾನ, ಬಸ್ಸಿನ ಸೀಟಿನ ಸಂದಿ, ಕೈ ತೊಳೆಯೋ ಜಾಗ ಎಲ್ಲಾ ತಡಕಾಡಿದ್ದಾಯ್ತು. ಅವಳು ತಲೆ ತಗ್ಗಿಸಿಕೊಂಡು ನನ್ನ ಹಿಂದೆಯೇ ಬರುತ್ತಿದ್ದಳು.

ಸಂಜೆ ಇವರು ಬಂದವರೇ ರೇಗಿದರು. "ಈ ವಯಸ್ಸಿನವರ ಕೈಗೆ ಅಷ್ಟು ದುಬಾರಿದು ಕೊಡಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ?" ನಾನೇನು ಕಮ್ಮಿ? ಇಬ್ಬರೂ ಶುರು ಹಚ್ಚಿಕೊಂಡೆವು.

ಅವಳು ನಮ್ಮಿಬ್ಬರ ಮುಖ ನೋಡಿದಳು. ಒಳಗೆ ಹೋಗಿ ತನ್ನ ಬೀರುವಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಮಶೀನು ಅದರಲ್ಲೇ ಇತ್ತು. ಒರೆಸಿ, ಬ್ಯಾಟರಿ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟಿದ್ದಳು. ಒಂದು ಗೀರೂ ಇಲ್ಲ.

"ಕಳೆದಿಲ್ಲಮ್ಮ. ನಾನೇ ಬಚ್ಚಿಟ್ಟೆ."

"ಯಾಕೇ?"

ನನ್ನ ತುಟಿ ನೋಡಿ ಉತ್ತರ ಕೊಟ್ಟಳು. "ಹಳೇದರಲ್ಲಿ ಪಕ್ಕದ ರೂಮು ಕೇಳ್ತಿರಲಿಲ್ಲ. ಇದರಲ್ಲಿ ರಾತ್ರಿ ನೀವಿಬ್ಬರೂ ಬೈದುಕೊಳ್ಳೋದೆಲ್ಲ ಕೇಳತ್ತೆ."

ಅವಳಿಗೆ ಕೇಳಲಿ ಅಂತಲೇ ತಾನೆ ತಂದದ್ದು? ಬಾಗಿಲು ಹಾಕಿಕೊಂಡರೆ ಸಾಕು ಅಂದುಕೊಂಡಿದ್ದೆ, ದೇವರೇ.

ಅವಳು ಮಲಗುವ ಮುಂಚೆ ಡಬ್ಬಿಯನ್ನು ದಿಂಬಿನ ಪಕ್ಕ ಇಟ್ಟು ಬಂದೆ. ನಾಳೆ ಹಾಕ್ಕೋತೀಯಾ ಅಂತ ಕೇಳಲಿಲ್ಲ. ಇವರು ಅಡುಗೆಮನೆಯಲ್ಲಿ ಕೂತಿದ್ದಾರೆ. ಹೋಗಿ ಮಾತಾಡಬೇಕು. ಪಿಸುಗುಟ್ಟಿ ಅಲ್ಲ, ಅವಳು ಕೇಳಿಸಿಕೊಂಡರೂ ಪರವಾಗಿಲ್ಲ ಅನ್ನೋ ಹಾಗೆ. ಆದರೆ ಮೊದಲನೇ ಮಾತು ಏನು ಅಂತ...