ಕನ್ನಡಕದೊಳಗಿನ ಧಾಬಾ

ಗೆಳೆಯ ಗುರುಪಾದ,

ನಾನು ಆರಾಮ ಇದ್ದೇನೆ. ನಿನ್ನನ್ನು ಕೇಳುವ ಹಾಗಿಲ್ಲ. ನೀನು ಕುಡಿದು ಕುಡಿದು ಸತ್ತ ಮೇಲೆ ಗೋಕಾಕದ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದೆ. ಇವತ್ತು ಅಲ್ಲಿ ಕಣ್ಣಿಗೆ ದಪ್ಪನೆಯ ವಿಆರ್ ಕನ್ನಡಕ ಕಟ್ಟಿದರು; ಹಾಕಿಕೊಂಡರೆ ಕಂಪ್ಯೂಟರಿನ ಚಿತ್ರದೊಳಗೇ ಕುಳಿತ ಹಾಗೆ ಕಾಣುತ್ತದೆ. ಒಳಗೆ ನಾವು ಕುಡಿಯುತ್ತಿದ್ದ ಕಣಗಲಾ ಊರಿನ ಧಾಬಾದಂಥದ್ದೇ ಒಂದು ಧಾಬಾ. ಎದುರು ಕುಳಿತ ಗೊಂಬೆ ಮನುಷ್ಯ ಗ್ಲಾಸು ತುಂಬಿ ನನ್ನತ್ತ ಸರಿಸಿದ. ಬೇಡ ಎನ್ನುವುದನ್ನು ರೂಢಿ ಮಾಡಿಸಲಿಕ್ಕೆ ಈ ಆಟ.

"ನಾ ಒಲ್ಲೆ" ಅಂದೆ. ಅವನೊಬ್ಬನನ್ನೇ ಬಿಟ್ಟು ಬರಲು ಮನಸ್ಸಾಗಲಿಲ್ಲ. "ಏಳೋ, ಚಾ ಕುಡದು ಮನಿಗೆ ಹೋಗೂಣು" ಎಂದೂ ಕರೆದೆ.

ಪಕ್ಕದಲ್ಲಿದ್ದ ಕೌನ್ಸೆಲರ್ ರಾಜೇಶ್ವರಿ ಮೇಡಂ ನಕ್ಕರು. "ಅಂವಾ ಏಳೂದಿಲ್ಲೋ ಮಾಲಿಂಗ. ಅವಗ ಕುಡಿ ಅನ್ನೂದಷ್ಟ ಕಲಿಸ್ಯಾರ."

ನನಗೂ ನಗು ಬಂತು. ಆಮೇಲೆ ಅವರು ತರಿಸಿದ ಚಹಾ ಬಿಸಿಬಿಸಿಯಾಗಿತ್ತು, ಇನ್ನೊಂದು ಕಪ್ಪು ಕೇಳಿ ಕುಡಿದೆ.

ಎಷ್ಟು ಕರೆದರೂ ಆ ಗೊಂಬೆ ಏಳುವುದಿಲ್ಲವಂತೆ. ನೀನಾಗಿದ್ದರೆ ಒಂದೇ ಮಾತಿಗೆ ಎದ್ದು ಬರುತ್ತಿದ್ದೆ. ನಾನೇ ಒಮ್ಮೆಯೂ ಕರೆಯಲಿಲ್ಲ.